ಬಾಟಲಿಯೊಳಗಿನ ವಂಶಾವಳಿ

‘ಹಣ್ಣುನೊಣ’ ಎಂಬ ಒಂದೇ ಹೆಸರಿನಿಂದ ಎರಡು ಬೇರೆ ಬೇರೆ ಕುಟುಂಬಗಳ ಕೀಟಗಳನ್ನು ಕರೆಯುವ ರೂಢಿ ಕನ್ನಡದಲ್ಲಿ ಇರುವುದರಿಂದ, ಅನುವಂಶೀಯತೆಯ ಅಧ್ಯಯನಕ್ಕೆ ಒದಗಿದ್ದು ಅವುಗಳಲ್ಲಿ ಯಾವುದು ಎಂಬುದನ್ನು ಮೊದಲೇ ಬಿಡಿಸಿಕೊಳ್ಳಬೇಕಾಗುತ್ತದೆ. ಬೆಂಗಳೂರಿನ ನಾಗಸಂದ್ರದ ಮಗ್ಗುಲಿನಿಂದ ಹೆಸರಘಟ್ಟದತ್ತ ಹೋದರೆ 1967ರಲ್ಲಿ ಸ್ಥಾಪನೆಯಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಸಿಗುತ್ತದೆ. ಅಲ್ಲಿನ ತಜ್ಞರೂ ಮಾವು ಬೆಳೆಯುವ ರೈತರೂ ಹಣ್ಣುನೊಣ ಎನ್ನುವುದು ಬ್ಯಾಕ್ಟ್ರೊಸೆರಾ ಎಂಬ ಕುಲದ, ಕಾಯಿಯ ಸಿಪ್ಪೆಯನ್ನು ಚುಚ್ಚಿ ಒಳಗೆ ಮೊಟ್ಟೆಯಿಟ್ಟು ಫಸಲು ಕೆಡಿಸುವ, ಮೀಥೈಲ್ ಯೂಜಿನಾಲ್ ಸವರಿದ ಬಲೆಗಳಿಗೆ ಗಂಡುಗಳು ಬಂದು ಬೀಳುವ ದೊಡ್ಡ ನೊಣವನ್ನು. ಇದೇ ನಾಗಸಂದ್ರದ ಹಣ್ಣಿನಂಗಡಿಯಲ್ಲಿ ಏಲಕ್ಕಿ ಬಾಳೆಯ ಗೊನೆ ಕಳಿತು ಹುಳಿವಾಸನೆ ಬಿಟ್ಟಾಗ ಸುತ್ತಲೂ ಸುಳಿದಾಡುವ, ಹಳೆಯ ಮೈಸೂರು ಕಡೆಯವರು ನೊರಜು ಎಂದು ಕೈಬೀಸಿ ಓಡಿಸುವ ಎರಡೂವರೆ ಮಿಲಿಮೀಟರ್ ಉದ್ದದ ಜೀವಿಯೇ ಡ್ರೊಸೊಫಿಲಾ. ಅದಕ್ಕೆ ಬೇಕಾದದ್ದು ಹಣ್ಣಿಗಿಂತ ಹೆಚ್ಚಾಗಿ ಹಣ್ಣು ಹುಳಿಯುವಾಗ ಬೆಳೆಯುವ ಯೀಸ್ಟ್. ಬೆಳೆಗೆ ಯಾವ ಹಾನಿಯನ್ನೂ ಮಾಡದೆ, ಯಾರ ಗಮನಕ್ಕೂ ಬಾರದೆ ಇದ್ದ ಈ ನೊರಜು ಕಳೆದ ನೂರಹದಿನೈದು ವರ್ಷಗಳಲ್ಲಿ ಅನುವಂಶೀಯತೆಯ ಬಗ್ಗೆ ಕಲಿಸಿದಷ್ಟನ್ನು ಇನ್ನಾವ ಪ್ರಾಣಿಯೂ ಕಲಿಸಿಲ್ಲ ಎಂದರೆ ಅತಿಶಯವಾಗದು.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಒಂದು ಇಕ್ಕಟ್ಟಾದ ಕೋಣೆಯಲ್ಲಿ ಥಾಮಸ್ ಹಂಟ್ ಮಾರ್ಗನ್ ಹಾಲಿನ ಬಾಟಲಿಗಳಲ್ಲಿ ಬಾಳೆಹಣ್ಣು ಹಾಕಿ ಈ ನೊಣವನ್ನು ಸಾಕುತ್ತಿದ್ದಾಗ, 1910ರಲ್ಲಿ, ಕೆಂಪು ಕಣ್ಣಿನ ಸಂತತಿಯ ನಡುವೆ ಬಿಳಿ ಕಣ್ಣಿನ ಒಂದು ಗಂಡು ಕಾಣಿಸಿಕೊಂಡಿತು. ಅದನ್ನು ಕೆಂಪು ಕಣ್ಣಿನ ಹೆಣ್ಣುಗಳೊಡನೆ ಕೂಡಿಸಿದಾಗ ಹುಟ್ಟಿದ ಮೊದಲ ತಲೆಮಾರಿನಲ್ಲಿ 1,237 ನೊಣಗಳ ಕಣ್ಣು ಕೆಂಪಾಗಿತ್ತು, ಕೇವಲ 3 ಗಂಡುಗಳ ಕಣ್ಣು ಬಿಳಿಯಾಗಿತ್ತು. ಆ ತಲೆಮಾರನ್ನು ತಮ್ಮತಮ್ಮಲ್ಲೇ ಕೂಡಿಸಿದಾಗ 2,459 ಕೆಂಪು ಕಣ್ಣಿನ ಹೆಣ್ಣು, 1,011 ಕೆಂಪು ಕಣ್ಣಿನ ಗಂಡು ಮತ್ತು 782 ಬಿಳಿ ಕಣ್ಣಿನ ಗಂಡು ದೊರೆತವು. ಮೆಂಡಲ್ ಹೇಳಿದ 3:1ರ ಪ್ರಮಾಣಕ್ಕೆ ಸರಿಯಾಗಿ 1,063 ಬಿಳಿ ಕಣ್ಣುಗಳು ಬರಬೇಕಿದ್ದು, ಬಿಳಿ ಕಣ್ಣಿನ ನೊಣಗಳು ಬದುಕುವುದರಲ್ಲಿ ಕೊಂಚ ಸೊರಗಿದವಾದ್ದರಿಂದ ಲೆಕ್ಕ ಇನ್ನೂರ ಎಂಬತ್ತೊಂದರಷ್ಟು ಕಡಿಮೆ ಬಿತ್ತು. ಶಾಲೆಯ ಪಠ್ಯಗಳು ತೋರಿಸುವ ಅಚ್ಚುಕಟ್ಟಾದ ಚೌಕಗಳಿಗೂ ಬಾಟಲಿಯಿಂದ ಹೊರಬೀಳುವ ನಿಜವಾದ ನೊಣಗಳಿಗೂ ನಡುವೆ ಇರುವ ಈ ಅಂತರವನ್ನು ಪಠ್ಯಗಳು ಸಾಮಾನ್ಯವಾಗಿ ಮುಚ್ಚಿಡುತ್ತವೆ. ಮಾರ್ಗನ್ನರಾದರೋ ಮುಚ್ಚಿಡಲಿಲ್ಲ, ಎಣಿಸಿದ್ದನ್ನು ಎಣಿಸಿದಂತೆಯೇ ಪ್ರಕಟಿಸಿದರು.

ಪ್ರಮಾಣಕ್ಕಿಂತ ದೊಡ್ಡ ಒಗಟಾದದ್ದು ಆ ಎರಡನೆಯ ತಲೆಮಾರಿನಲ್ಲಿ ಬಿಳಿ ಕಣ್ಣಿನ ಒಂದೇ ಒಂದು ಹೆಣ್ಣೂ ಇಲ್ಲದಿದ್ದುದು. ಹೆಣ್ಣು ನೊಣದಲ್ಲಿ ಎರಡು ಎಕ್ಸ್ ವರ್ಣತಂತುಗಳೂ ಗಂಡಿನಲ್ಲಿ ಒಂದು ಎಕ್ಸ್ ಮತ್ತು ಒಂದು ವೈ ವರ್ಣತಂತುವೂ ಇರುತ್ತವೆ. ವರ್ಣತಂತುವೆಂದರೆ ಜೀವಕೋಶದ ನಡುವಿನ ಕೋಶಕೇಂದ್ರದಲ್ಲಿರುವ, ವಂಶವಾಹಿಗಳನ್ನು ಸಾಲಾಗಿ ಹೊತ್ತ ಎಳೆ. ಮಗನಿಗೆ ತಂದೆಯಿಂದ ವೈ ಬರುವುದರಿಂದ ಅವನ ಎಕ್ಸ್ ತಾಯಿಯದೇ ಆಗಿರಲೇಬೇಕು. ಕಣ್ಣಿನ ಬಣ್ಣದ ವಂಶವಾಹಿ ಎಕ್ಸ್ ಮೇಲೆಯೇ ಕುಳಿತಿದೆ ಎಂದು ಹಿಡಿದರೆ, ತಾತನ ಬಿಳಿ ಕಣ್ಣು ಮಗಳಲ್ಲಿ ಮರೆಯಾಗಿದ್ದು ಮಗಳ ಮಗನಲ್ಲಿ ಮತ್ತೆ ಕಾಣಿಸಿಕೊಳ್ಳುವುದಕ್ಕೆ ಬೇರೆ ವಿವರಣೆಯೇ ಬೇಕಾಗುವುದಿಲ್ಲ. ಮಗನ ಮಗನಿಗೆ ಈ ದಾರಿಯಿಂದ ಅದು ಬರುವಂತೆಯೇ ಇಲ್ಲ. ದೌಹಿತ್ರ, ಪೌತ್ರ ಎಂದು ಎರಡು ಬೇರೆ ಹೆಸರಿಟ್ಟುಕೊಂಡ ಸಮಾಜಕ್ಕೆ ಈ ವ್ಯತ್ಯಾಸ ಅರ್ಥವಾಗುವುದು ಕಷ್ಟವಲ್ಲ. ಹೀಗೆ, ಅಲ್ಲಿಯವರೆಗೆ ಬರೀ ಲೆಕ್ಕದ ಅನುಕೂಲಕ್ಕಾಗಿ ಕಲ್ಪಿಸಿಕೊಂಡಿದ್ದ ವಂಶವಾಹಿಗೆ ಸೂಕ್ಷ್ಮದರ್ಶಕದಲ್ಲಿ ಕಾಣುವ ಒಂದು ವಸ್ತುವಿನ ಮೇಲೆ ವಿಳಾಸ ಸಿಕ್ಕಿತು. ಮಾರ್ಗನ್ನರ ಶಿಷ್ಯ ಆಲ್ಫ್ರೆಡ್ ಸ್ಟರ್ಟವೆಂಟ್ 1913ರಲ್ಲಿ ಅದೇ ಎಕ್ಸ್ ಮೇಲಿನ ವಂಶವಾಹಿಗಳು ಯಾವ ಅನುಕ್ರಮದಲ್ಲಿ, ಎಷ್ಟು ದೂರದಲ್ಲಿವೆ ಎಂಬ ಮೊದಲ ನಕ್ಷೆಯನ್ನು ಪ್ರಕಟಿಸಿದರು. ತಾಯಿಯ ಎರಡು ವರ್ಣತಂತುಗಳು ಅಂಡ ರೂಪುಗೊಳ್ಳುವ ಮುನ್ನ ಪರಸ್ಪರ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ, ದೂರವಿರುವ ವಂಶವಾಹಿಗಳು ಹೆಚ್ಚು ಸಲ ಬೇರ್ಪಡುತ್ತವೆ ಎಂಬುದೇ ಆ ನಕ್ಷೆಯ ಅಳತೆಗೋಲು. ಈ ಅದಲುಬದಲು ಈ ನೊಣದ ಗಂಡಿನಲ್ಲಿ ನಡೆಯುವುದಿಲ್ಲ ಎಂಬುದೂ ಆ ಕೋಣೆಯಲ್ಲೇ ತಿಳಿದುಬಂದ ಸಂಗತಿ. ಬೆಂಗಳೂರಿನಲ್ಲೂ ಕಾಣಸಿಗುವ ಡ್ರೊಸೊಫಿಲಾ ಅನನಾಸೆ ಎಂಬ ಸೋದರ ಪ್ರಭೇದದ ಗಂಡುಗಳು ಮಾತ್ರ ಆ ನಿಯಮವನ್ನು ಮೀರುತ್ತವೆ.

ಇಷ್ಟು ಬೇಗ ಇಷ್ಟೆಲ್ಲ ತಿಳಿಯಲು ಕಾರಣವಾದದ್ದು ನೊಣದ ಬದುಕಿನ ಅವಸರ. 25 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಮೊಟ್ಟೆ ಒಂದು ದಿನದೊಳಗೆ ಒಡೆಯುತ್ತದೆ. ಹೊರಬಂದ ಮರಿಹುಳು ಎರಡು ಸಲ ಪೊರೆ ಕಳಚಿ, ನಾಲ್ಕೈದು ದಿನ ಮೇದು, ಆಹಾರ ಬಿಟ್ಟು ಬಾಟಲಿಯ ಗೋಡೆ ಹತ್ತಿ ಕೋಶ ಕಟ್ಟಿಕೊಳ್ಳುತ್ತದೆ. ಮೊಟ್ಟೆಯಿಟ್ಟ ಹತ್ತನೆಯ ದಿನದ ಹೊತ್ತಿಗೆ ರೆಕ್ಕೆಯುಳ್ಳ ನೊಣ ಹೊರಬರುತ್ತದೆ. ತಾಪವನ್ನು 18 ಡಿಗ್ರಿಗೆ ಇಳಿಸಿದರೆ ಈ ಅವಧಿ ಸರಿಸುಮಾರು ಇಮ್ಮಡಿಯಾಗುವುದರಿಂದ, ಅವಸರವಿಲ್ಲದ ತಳಿಗಳನ್ನು ತಂಪಿನಲ್ಲಿಡುವುದು ವಾಡಿಕೆ. ವರ್ಣತಂತುಗಳು ನಾಲ್ಕೇ ಜೊತೆ, ಅದರಲ್ಲೂ ಒಂದು ಜೊತೆ ಬರೀ ಚುಕ್ಕೆಯಂಥದ್ದು. ಮರಿಹುಳುವಿನ ಜೊಲ್ಲುಗ್ರಂಥಿಯಲ್ಲಿ ವರ್ಣತಂತುಗಳು ಸಾವಿರಾರು ಎಳೆಗಳಾಗಿ ಬೇರೆಯಾಗದೆ ಒಟ್ಟುಗೂಡಿ ಹಗ್ಗದಂತೆ ದಪ್ಪಗಾಗುವುದರಿಂದ, ಅವುಗಳ ಮೇಲಿನ ಅಡ್ಡಪಟ್ಟಿಗಳನ್ನು ಕಾಲೇಜಿನ ಸಾಧಾರಣ ಸೂಕ್ಷ್ಮದರ್ಶಕದಲ್ಲೂ ಓದಬಹುದು. ಪ್ರಾಣಿಶಾಸ್ತ್ರ ಓದಿದ ಕರ್ನಾಟಕದ ಅನೇಕರಿಗೆ ಡ್ರೊಸೊಫಿಲಾ ಎಂದೊಡನೆ ನೆನಪಾಗುವುದು ಆ ಪಟ್ಟಿಗಳ ಚಿತ್ರ.

ಆದರೆ ನೊಣ ಒದಗಿಸುವ ಈ ಅನುಕೂಲಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು ಮನುಷ್ಯ ಮಾಡಬೇಕಾದ ಚಾಕರಿ. ಅನುವಂಶೀಯತೆಯ ಪ್ರಯೋಗವು ಮೂಲತಃ ಹೈನುಗಾರಿಕೆಯಂತೆ, ರೇಷ್ಮೆಹುಳು ಮೇಯಿಸುವಂತೆ ಒಂದು ಸಾಕಣೆ. ಉತ್ತರ ಎಷ್ಟು ನಂಬಲರ್ಹ ಎಂಬುದು ಸಾಕಣೆ ಎಷ್ಟು ಶಿಸ್ತಿನದು ಎಂಬುದರ ಮೇಲೆ ನಿಂತಿದೆ. ಮೈಸೂರಿನ ಪ್ರಯೋಗಾಲಯಗಳಲ್ಲಿ ರೂಢಿಯಾದ ಆಹಾರ ಹೀಗಿದೆ: ಒಂದು ಲೀಟರ್ ನೀರಿಗೆ ಸುಮಾರು 100 ಗ್ರಾಂ ಗೋಧಿ ರವೆ, ಅಷ್ಟೇ ತೂಕದ ಬೆಲ್ಲ, ಗಟ್ಟಿಯಾಗಲು ಕಡಲಪಾಚಿಯಿಂದ ತೆಗೆದ ಅಗರ್ ಹಾಕಿ ಕುದಿಸಿ, ಇಳಿಸಿದ ಮೇಲೆ ಬೂಸ್ಟು ಹಿಡಿಯದಿರಲೆಂದು ಪ್ರೊಪಿಯಾನಿಕ್ ಆಮ್ಲ ಬೆರೆಸಿ, ಬಾಟಲಿಗಳಿಗೆ ಸುರಿದು ಆರಿಸುವುದು. ತುಪ್ಪ, ದ್ರಾಕ್ಷಿಗಳಿಲ್ಲದ ಈ ಪಾಕ ಬೇಯುವಾಗ ಮೊದಲ ಹತ್ತು ನಿಮಿಷ ಸಜ್ಜಿಗೆಯ ವಾಸನೆಯನ್ನೇ ಕೊಡುತ್ತದೆ. ಬೆಂಗಳೂರಿನ ಜಕ್ಕೂರಿನ ಪ್ರಯೋಗಾಲಯದಲ್ಲಿ ರವೆಯ ಜಾಗಕ್ಕೆ ಬಾಳೆಹಣ್ಣು ಬಂದಿದೆ, ಬೆಲ್ಲ ಮಾತ್ರ ಅಲ್ಲೂ ಉಳಿದಿದೆ. ಪಶ್ಚಿಮದ ಪ್ರಯೋಗಾಲಯಗಳ ಜೋಳದ ಹಿಟ್ಟು, ಕಾಕಂಬಿಗಳ ಬದಲು ಅಕ್ಕಪಕ್ಕದ ಅಂಗಡಿಯಲ್ಲಿ ಸಿಗುವುದನ್ನೇ ಬಳಸಿದ ಈ ಅಡುಗೆ ಸಂಶೋಧನಾ ಪ್ರಬಂಧಗಳಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ.

ಚಾಕರಿಯ ಇನ್ನೊಂದು ಭಾಗ ಕನ್ಯೆಯರನ್ನು ಆರಿಸುವುದು. ಹೆಣ್ಣು ನೊಣ ಒಮ್ಮೆ ಕೂಡಿದರೆ ಗಂಡಿನ ವೀರ್ಯಾಣುಗಳನ್ನು ದೇಹದೊಳಗಿನ ಚೀಲಗಳಲ್ಲಿ ಶೇಖರಿಸಿಟ್ಟುಕೊಂಡು ದಿನಗಟ್ಟಲೆ ಬಳಸುತ್ತದಾದ್ದರಿಂದ, ಮೊದಲೇ ಕೂಡಿದ ಹೆಣ್ಣನ್ನು ಪ್ರಯೋಗಕ್ಕೆ ಹಾಕಿದರೆ ಹುಟ್ಟಿದ ಮರಿಗಳ ತಂದೆ ಯಾರೆಂಬುದೇ ತಿಳಿಯದೆ ಇಡೀ ಲೆಕ್ಕ ಹಾಳಾಗುತ್ತದೆ. ಕೋಶದಿಂದ ಹೊರಬಂದ ಮೊದಲ ಎಂಟು ಗಂಟೆಗಳ ಕಾಲ ಹೆಣ್ಣು ಕೂಡುವುದಿಲ್ಲ. ಬೆಳಿಗ್ಗೆ ಬಾಟಲಿಯಲ್ಲಿದ್ದ ಎಲ್ಲ ನೊಣಗಳನ್ನೂ ಹೊರದಬ್ಬಿ, ಆ ಎಂಟು ಗಂಟೆ ತುಂಬುವ ಮೊದಲು ಹೊಸದಾಗಿ ಹೊರಬಂದವನ್ನು ಈಥರ್ ಇಲ್ಲವೆ ಇಂಗಾಲದ ಡೈಆಕ್ಸೈಡಿನಿಂದ ಮಂಪರು ಬರಿಸಿ, ಸೂಕ್ಷ್ಮದರ್ಶಕದಡಿ ಕುಂಚದ ತುದಿಯಿಂದ ಬೇರ್ಪಡಿಸಬೇಕು. ಗಂಡಿನ ಹೊಟ್ಟೆಯ ತುದಿ ಕಪ್ಪಾಗಿ ದುಂಡಗಿರುತ್ತದೆ, ಮುಂಗಾಲಿನಲ್ಲಿ ಬಾಚಣಿಗೆಯಂಥ ಕಪ್ಪು ಕೂದಲ ಸಾಲಿರುತ್ತದೆ. ಹೆಣ್ಣಿನ ಹೊಟ್ಟೆ ಚೂಪು, ಪಟ್ಟೆ ಪಟ್ಟೆ. ಆಗ ತಾನೇ ಹುಟ್ಟಿದ ನೊಣದ ಹೊಟ್ಟೆಯ ಮೇಲೆ ಕೆಲವು ಗಂಟೆ ಮಾತ್ರ ಉಳಿಯುವ ಹಸಿರುಗಪ್ಪು ಕಲೆಯೊಂದು ಕನ್ಯತ್ವಕ್ಕೆ ಸಾಕ್ಷಿ. ಈಥರ್ ಹೆಚ್ಚಾದರೆ ನೊಣ ರೆಕ್ಕೆಗಳನ್ನು ಮೇಲೆತ್ತಿಕೊಂಡು ಸಾಯುತ್ತದೆ. ಕಡಿಮೆಯಾದರೆ ಎಣಿಸುವ ಮೊದಲೇ ಹಾರಿಹೋಗುತ್ತದೆ.

ಉತ್ತರ ಬೆಂಗಳೂರಿನಲ್ಲಿ, ನಾಗಸಂದ್ರದಿಂದ ಪೂರ್ವಕ್ಕೆ, ಬಳ್ಳಾರಿ ರಸ್ತೆಯ ಆಸುಪಾಸಿನಲ್ಲಿ ಈ ಸಾಕಣೆ ಎರಡು ಪರಸ್ಪರ ವಿರುದ್ಧ ಉದ್ದೇಶಗಳಿಂದ ನಡೆಯುತ್ತಿದೆ. ಮೊದಲನೆಯದು ಗಾಂಧಿ ಕೃಷಿ ವಿಜ್ಞಾನ ಕೇಂದ್ರದ, ಅಂದರೆ ಜನರ ಬಾಯಲ್ಲಿನ ಜಿಕೆವಿಕೆಯ, ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಎನ್‌ಸಿಬಿಎಸ್. ಅದನ್ನು ಕಟ್ಟಿದ ಒಬೈದ್ ಸಿದ್ದೀಕಿ (1932–2013) 1970ರ ದಶಕದಲ್ಲಿ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಸೀಮೂರ್ ಬೆಂಜರ್ ಜೊತೆ ಸೇರಿ, ತಾಪ ಏರಿದಾಗ ಪಾರ್ಶ್ವವಾಯು ಬಡಿದಂತೆ ಬಿದ್ದುಬಿಡುವ, ತಣ್ಣಗಾದೊಡನೆ ಎದ್ದು ನಡೆಯುವ ನೊಣಗಳನ್ನು ಹುಡುಕಿ 1976ರಲ್ಲಿ ವರದಿ ಮಾಡಿದ್ದರು. ಒಂದು ವಂಶವಾಹಿ ಕೆಟ್ಟರೆ ನರದೊಳಗಿನ ವಿದ್ಯುತ್ ಸಂದೇಶವೇ ನಿಲ್ಲಬಹುದು ಎಂಬುದಕ್ಕೆ ಅದು ಪುರಾವೆಯಾಯಿತು. ನೈರೋಬಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಸಿದ್ದೀಕಿಯವರ ವಿದ್ಯಾರ್ಥಿನಿಯಾದ ವೆರೋನಿಕಾ ರೊಡ್ರಿಗಸ್ (1953–2010) ರುಚಿ, ವಾಸನೆ ತಿಳಿಯದ ನೊಣಗಳನ್ನು ಆರಿಸಿ ತೆಗೆದು, ನಾಲಗೆಗೂ ಮೂಗಿಗೂ ವಂಶವಾಹಿಗಳ ದಾರಿಯನ್ನು ಹುಡುಕಿದರು. ಮುಂದೆ ಅವರೂ ಬೆಂಗಳೂರಿಗೆ ಬಂದರು. ಗೈತಿ ಹಸನ್ ಅವರ ಪ್ರಯೋಗಾಲಯ ಹಾರಾಟವನ್ನೂ ಕೆ. ವಿಜಯರಾಘವನ್ ಅವರದು ಸ್ನಾಯುಗಳ ಬೆಳವಣಿಗೆಯನ್ನೂ ಇದೇ ನೊಣದಲ್ಲಿ ಶೋಧಿಸಿದವು.

ಇಂಥ ಅಧ್ಯಯನಕ್ಕೆ ಬೇಕಾದದ್ದು ಬದಲಾಗದ ನೊಣ. ಒಂದು ದೋಷವುಳ್ಳ ವಂಶವಾಹಿಯನ್ನು ಹತ್ತಾರು ವರ್ಷ ಹಾಗೆಯೇ ಕಾಪಾಡಬೇಕೆಂದರೆ, ಅದು ಜೊತೆ ವರ್ಣತಂತುವಿನೊಡನೆ ತುಂಡು ಬದಲಿಸಿಕೊಂಡು ಚದುರಿಹೋಗದಂತೆ ತಡೆಯಬೇಕು. ಅದಕ್ಕಾಗಿ ಬಳಸುವುದು ‘ಬ್ಯಾಲೆನ್ಸರ್’ ಎಂಬ ವಿಶೇಷ ವರ್ಣತಂತು: ಅದರ ಭಾಗಗಳು ಹಲವೆಡೆ ತಲೆಕೆಳಗಾಗಿರುವುದರಿಂದ ಜೊತೆಗಾರನೊಡನೆ ಸರಿಯಾದ ಅದಲುಬದಲು ಸಾಧ್ಯವಾಗದು, ಅದರ ಮೇಲೆ ಸುರುಳಿ ರೆಕ್ಕೆಯಂಥ, ಬರಿಗಣ್ಣಿಗೂ ಕಾಣುವ ಒಂದು ಗುರುತಿರುತ್ತದೆ, ಒಂದೇ ಬ್ಯಾಲೆನ್ಸರಿನ ಎರಡು ಪ್ರತಿಗಳು ಒಂದು ನೊಣಕ್ಕೆ ಬಂದರೆ ಅದು ಸಾಮಾನ್ಯವಾಗಿ ಬದುಕುವುದಿಲ್ಲ. ದೋಷವುಳ್ಳ ವರ್ಣತಂತುವೂ ಎರಡು ಪ್ರತಿ ಸೇರಿದರೆ ಮಾರಕವಾಗಿದ್ದರಂತೂ, ಬಾಟಲಿಯಲ್ಲಿ ಉಳಿಯುವುದು ಸುರುಳಿ ರೆಕ್ಕೆಯ ಮಿಶ್ರ ನೊಣಗಳು ಮಾತ್ರ. ಯಾರೂ ಆರಿಸದಿದ್ದರೂ ತಳಿ ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ. ಎನ್‌ಸಿಬಿಎಸ್ ಆವರಣದ ನೊಣಗಳ ಭಂಡಾರದಲ್ಲಿ ಇಂಥ ಸಾವಿರಾರು ತಳಿಗಳಿವೆ; ಹೊಸ ವಂಶವಾಹಿಯನ್ನು ಭ್ರೂಣಕ್ಕೆ ಸೂಜಿಯಿಂದ ಚುಚ್ಚಿ ಸೇರಿಸುವ ಕೆಲಸವನ್ನು ದೇಶದ ಬೇರೆ ಪ್ರಯೋಗಾಲಯಗಳಿಗಾಗಿಯೂ ಅಲ್ಲಿ ಮಾಡಿಕೊಡಲಾಗುತ್ತದೆ.

ಅಲ್ಲಿಂದ ಕೆಲವೇ ಕಿಲೋಮೀಟರ್ ಪೂರ್ವಕ್ಕೆ, ಜಕ್ಕೂರಿನಲ್ಲಿ 1989ರಲ್ಲಿ ಸ್ಥಾಪನೆಯಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಬೇಕಾಗಿರುವುದು ಬದಲಾಗುವ ನೊಣ. ಅಮಿತಾಭ್ ಜೋಷಿ ಅವರು ಅಲ್ಲಿ ಬೆಳೆಸಿದ ಮೂಲ ಸಮುದಾಯಗಳು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಆಮ್ಹರ್ಸ್ಟ್ ಬಳಿ ಹಿಡಿದ ನೊಣಗಳ ಸಂತತಿ. ದೇಶಾಂತರ ಬಂದು ಬಾಳೆಹಣ್ಣು ಬೆಲ್ಲಕ್ಕೆ ಒಗ್ಗಿಕೊಂಡವು. ಒಂದೊಂದು ಸಮುದಾಯದಲ್ಲೂ ಸಾವಿರಕ್ಕೂ ಹೆಚ್ಚು ನೊಣಗಳು ಒಟ್ಟಿಗೆ ಸಂತಾನ ಬೆಳೆಸುತ್ತವೆ, ಏಕೆಂದರೆ ಸಂಖ್ಯೆ ಕಡಿಮೆಯಾದರೆ ಹತ್ತಿರದ ಸಂಬಂಧಗಳಲ್ಲೇ ಕೂಡಿಕೆ ನಡೆದು, ವಂಶವಾಹಿಗಳ ವೈವಿಧ್ಯ ಕರಗಿ, ಆಯ್ಕೆಗೆ ಏನೂ ಉಳಿಯುವುದಿಲ್ಲ. ಪ್ರತಿ ಪ್ರಯೋಗಕ್ಕೂ ಒಂದೇ ಸಮುದಾಯದ ಬದಲು ನಾಲ್ಕು ಸಮಾನ ಸಮುದಾಯಗಳನ್ನು ಜೊತೆಜೊತೆಗೆ ನಡೆಸುವುದು ಇನ್ನೊಂದು ಶಿಸ್ತು. ನಾಲ್ಕರಲ್ಲೂ ಒಂದೇ ಬದಲಾವಣೆ ಕಂಡರೆ ಮಾತ್ರ ಅದು ಆಯ್ಕೆಯ ಫಲ, ಒಂದರಲ್ಲೇ ಕಂಡರೆ ಆಕಸ್ಮಿಕ.

ಅಲ್ಲಿನ ಹೆಸರಾಂತ ಪ್ರಯೋಗವೊಂದರಲ್ಲಿ, ತಲೆಮಾರು ತಲೆಮಾರಿಗೂ ಕೋಶದಿಂದ ಎಲ್ಲರಿಗಿಂತ ಮೊದಲು ಹೊರಬಂದ ನೊಣಗಳಿಗೆ ಮಾತ್ರ, ಅದೂ ಹೊರಬಂದ ಮೂರನೆಯ ದಿನಕ್ಕೇ, ಸಂತಾನಕ್ಕೆ ಅವಕಾಶ ಕೊಡಲಾಯಿತು. ತಲೆಮಾರುಗಳು ಉರುಳಿದಂತೆ ಮೊಟ್ಟೆಯಿಂದ ನೊಣವಾಗುವ ಅವಧಿ ಒಂದು ದಿನಕ್ಕೂ ಹೆಚ್ಚು ತಗ್ಗಿತು. ಅವಸರಕ್ಕೆ ತೆತ್ತ ಬೆಲೆ ಚಿಕ್ಕದಲ್ಲ: ನೊಣಗಳ ಗಾತ್ರ ಕುಗ್ಗಿತು, ಮರಿಹುಳುಗಳು ಮೊದಲಿನಷ್ಟು ಚುರುಕಾಗಿ ಮೇಯದಾದವು, ಇಕ್ಕಟ್ಟಿನಲ್ಲಿ ಇತರರೊಡನೆ ಪೈಪೋಟಿ ಮಾಡಿ ಬದುಕುವ ಶಕ್ತಿ ಇಳಿಯಿತು. ಇನ್ನೂ ಅಚ್ಚರಿಯ ಸಂಗತಿಯೆಂದರೆ, 2012ರಲ್ಲಿ ವರದಿಯಾದಂತೆ, ಈ ಕುಳ್ಳ ನೊಣಗಳಿಗೂ ಅವುಗಳ ಪೂರ್ವಜರಂತೆಯೇ ಉಳಿದ ಸೋದರ ಸಮುದಾಯಕ್ಕೂ ನಡುವೆ ಕೂಡಿಕೆಯ ಅಡ್ಡಿಗಳು ತಲೆದೋರತೊಡಗಿದ್ದವು. ಬೇರೆ ಪ್ರಭೇದ ಹುಟ್ಟಬೇಕಾದರೆ ಬೆಟ್ಟವೋ ಕಡಲೋ ಅಡ್ಡಬರಬೇಕು ಎಂಬ ಸಾಮಾನ್ಯ ಕಲ್ಪನೆಯ ಎದುರಿಗೆ, ಒಂದೇ ಕಟ್ಟಡದಲ್ಲಿ, ಬರೀ ದಿನಚರಿಯ ವ್ಯತ್ಯಾಸದಿಂದ ಆದ ಬೇರ್ಪಡಿಕೆ ಇದು. ಅದೇ ಕೇಂದ್ರದಲ್ಲಿ ವಿಜಯ್ ಕುಮಾರ್ ಶರ್ಮ ಅವರು ಬೆಳಗಿನ ಹೊತ್ತು ಕೋಶದಿಂದ ಹೊರಬರುವ ನೊಣಗಳನ್ನೂ ಸಂಜೆ ಹೊರಬರುವ ನೊಣಗಳನ್ನೂ ಬೇರೆ ಬೇರೆಯಾಗಿ ಸಾಕಿ, ಕಾಲಕ್ರಮದಲ್ಲಿ ಬೆಳಗಿನವುಗಳ ದೇಹದೊಳಗಿನ ಗಡಿಯಾರ ತುಸು ವೇಗವಾಗಿಯೂ ಸಂಜೆಯವುಗಳದು ತುಸು ನಿಧಾನವಾಗಿಯೂ ಓಡತೊಡಗಿದ್ದನ್ನು ತೋರಿಸಿದರು.

ಮೂರನೆಯ ಬಗೆಯ ಸಾಕಣೆ ನಡೆದದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿ. ಕರ್ನಾಟಕದ ನೊಣಶಾಸ್ತ್ರದ ತವರು ಅದೇ. ಮೈಸೂರು ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಎಂ.ಆರ್. ರಾಜಶೇಖರ ಶೆಟ್ಟಿ ಅವರು ಹಾಕಿದ ಅಡಿಪಾಯದ ಮೇಲೆ ಎನ್.ಬಿ. ಕೃಷ್ಣಮೂರ್ತಿ, ಜಿ. ಶ್ರೀರಾಮರೆಡ್ಡಿ ಮೊದಲಾದವರು ದಕ್ಷಿಣ ಭಾರತದ ಕಾಡುಮೇಡುಗಳ ಡ್ರೊಸೊಫಿಲಾಗಳನ್ನು ಹಿಡಿದು, ಹೆಸರಿಟ್ಟು, ವರ್ಣತಂತುಗಳನ್ನು ಎಣಿಸಿದರು. 1968ರಲ್ಲಿ ರೆಡ್ಡಿ ಮತ್ತು ಕೃಷ್ಣಮೂರ್ತಿ ಒಂದು ನೊಣಕ್ಕೆ ಗುರುಗಳ ಗೌರವಾರ್ಥ ‘ಡ್ರೊಸೊಫಿಲಾ ರಾಜಶೇಖರಿ’ ಎಂದು ಹೆಸರಿಟ್ಟರು. ಅದು 1924ರಲ್ಲೇ ‘ಬಯಾರ್ಮಿಪಿಸ್’ ಎಂಬ ಹೆಸರಿನಿಂದ ವರ್ಣಿತವಾದ ಪ್ರಭೇದವೆಂದು ಅನಂತರ ಗೊತ್ತಾಗಿ, ಮೊದಲು ಇಟ್ಟ ಹೆಸರೇ ಸಲ್ಲಬೇಕೆಂಬ ನಾಮಕರಣದ ನಿಯಮದಂತೆ ರಾಜಶೇಖರಿ ಹಿಂದೆ ಸರಿಯಬೇಕಾಯಿತು. ಹಳೆಯ ಪ್ರಬಂಧಗಳಲ್ಲಿ ಆ ಹೆಸರು ಈಗಲೂ ಸಿಗುತ್ತದೆ.

ಈ ವಿಭಾಗದ ದೊಡ್ಡ ಕೊಡುಗೆ ನಸೂಟಾ ಎಂಬ ನೊಣಗಳ ಗುಂಪಿನಿಂದ ಬಂದದ್ದು. ಕೊಡಗಿನಿಂದ ತಂದ ಡ್ರೊಸೊಫಿಲಾ ನಸೂಟಾ ನಸೂಟಾ ಎಂಬ ಉಪಪ್ರಭೇದದಲ್ಲಿ ವರ್ಣತಂತುಗಳು 8; ಆಗ್ನೇಯ ಏಷ್ಯಾ ಕಡೆಯ ಅದರ ದಾಯಾದಿ ಆಲ್ಬೊಮಿಕ್ಯಾನ್ಸ್‌ನಲ್ಲಿ 6. ಆಲ್ಬೊಮಿಕ್ಯಾನ್ಸ್‌ನಲ್ಲಿ ಮೂರನೆಯ ವರ್ಣತಂತು ಬಿಡಿಯಾಗಿ ಉಳಿಯದೆ ಎಕ್ಸ್ ಮತ್ತು ವೈಗಳಿಗೆ ಬೆಸೆದುಕೊಂಡಿರುವುದೇ ಈ ವ್ಯತ್ಯಾಸಕ್ಕೆ ಕಾರಣ. ಹೇಸರಗತ್ತೆಯಂತೆ ಸಂಕರದ ಮರಿಗಳು ಬಂಜೆಯಾಗುವುದು ಸಾಮಾನ್ಯವಾದರೂ ಈ ಎರಡರ ಮರಿಗಳು ಸಂತಾನವಂತವಾಗಿದ್ದವು. 1980ರ ದಶಕದಲ್ಲಿ ಎನ್.ಬಿ. ರಾಮಚಂದ್ರ ಮತ್ತು ಎಚ್.ಎ. ರಂಗನಾಥ್ ಅವರು ನಸೂಟಾ ಗಂಡನ್ನು ಆಲ್ಬೊಮಿಕ್ಯಾನ್ಸ್ ಹೆಣ್ಣಿಗೆ ಕೂಡಿಸಿ, ಹುಟ್ಟಿದ ಮಿಶ್ರ ಸಂತತಿಯನ್ನು ಅದರ ಪಾಡಿಗೆ ತಲೆಮಾರುಗಟ್ಟಲೆ ಬೆಳೆಯಬಿಟ್ಟು, ವರ್ಣತಂತುಗಳನ್ನು ಮತ್ತೆ ಮತ್ತೆ ಎಣಿಸುತ್ತ ಹೋದರು. ಮೊದಲು ಕಲಸಿಹೋಗಿದ್ದ ಲೆಕ್ಕ ಕೊನೆಗೆ ಒಂದು ವಿಚಿತ್ರ ನೆಲೆಗೆ ಬಂದು ನಿಂತಿತು: ಗಂಡಿನಲ್ಲಿ 7, ಹೆಣ್ಣಿನಲ್ಲಿ 6.

ಬೆಸ ಸಂಖ್ಯೆಯ ಈ ಗಂಡು ಹೇಗೆ ಉಳಿದುಕೊಂಡಿತೆಂಬುದರಲ್ಲಿ ಮಾರ್ಗನ್ನರ ತರ್ಕವೇ ಮತ್ತೆ ಕೆಲಸ ಮಾಡುತ್ತದೆ. ಬೆಸೆದ ವೈ ಈ ಸಂಕರಕ್ಕೆ ಬರಲೇ ಇಲ್ಲ, ಏಕೆಂದರೆ ಆಲ್ಬೊಮಿಕ್ಯಾನ್ಸ್ ಕಡೆಯಿಂದ ಬಂದದ್ದು ಹೆಣ್ಣುಗಳು ಮಾತ್ರ. ನಸೂಟಾದ ಬಿಡಿ ಎಕ್ಸ್ ಕಾಲಕ್ರಮದಲ್ಲಿ ಕಳೆದುಹೋಗಿ, ಬೆಸೆದ ಎಕ್ಸ್ ಎಲ್ಲೆಡೆ ನೆಲೆಸಿತು. ಹೀಗಾಗಿ ಹೆಣ್ಣಿಗೆ ಎರಡು ಬೆಸೆದ ಎಕ್ಸ್. ಗಂಡಿಗೆ ತಾಯಿಯಿಂದ ಒಂದು ಬೆಸೆದ ಎಕ್ಸ್, ತಂದೆಯಿಂದ ನಸೂಟಾದ ವೈ ಮತ್ತು ಅದರ ಜೊತೆ ಬಿಡಿಯಾದ ಮೂರನೆಯ ವರ್ಣತಂತು. ವೀರ್ಯಾಣು ರೂಪುಗೊಳ್ಳುವಾಗ ಬೆಸೆದ ಎಕ್ಸ್ ಒಂದು ಬದಿಗೆ ಸರಿದರೆ, ವೈ ಮತ್ತು ಮೂರನೆಯ ವರ್ಣತಂತು ಜೊತೆಯಾಗಿ ಇನ್ನೊಂದು ಬದಿಗೆ ಹೋಗುತ್ತವೆ. ಗಂಡು ಹೆಣ್ಣೆಂಬ ಭೇದವಿಲ್ಲದೆ ಇಬ್ಬರಿಗೂ ಸಲ್ಲುತ್ತಿದ್ದ ಒಂದು ಸಾಮಾನ್ಯ ವರ್ಣತಂತು, ಈ ಬಾಟಲಿಗಳಲ್ಲಿ ಮನೆತನದ ಹೆಸರಿನಂತೆ ತಂದೆಯಿಂದ ಮಗನಿಗೆ ಮಾತ್ರ ಸಾಗುವ ಸ್ವತ್ತಾಗಿಬಿಟ್ಟಿತು. ಈ ಹೊಸ ತಳಿಗೆ ‘ಸೈಟೊರೇಸ್ 1’ ಎಂದು, ಅಂದರೆ ವರ್ಣತಂತುಗಳ ವಿನ್ಯಾಸದಿಂದ ಗುರುತಿಸಬೇಕಾದ ಪಂಗಡವೆಂದು ಹೆಸರಾಯಿತು. ಮುಂದಿನ ಸಂಕರಗಳಿಂದ ಇಂಥ ಪಂಗಡಗಳ ಸಂಖ್ಯೆ 16ಕ್ಕೆ ಏರಿತು. ವಿಕಾಸ ಹೇಗೆ ನಡೆದಿರಬಹುದೆಂದು ಊಹಿಸುವುದು ಬೇರೆ, ಒಬ್ಬ ಸಂಶೋಧಕನ ವೃತ್ತಿಜೀವನದ ಅವಧಿಯೊಳಗೆ ಲಿಂಗನಿರ್ಣಯದ ವರ್ಣತಂತುಗಳ ಹೊಸ ವ್ಯವಸ್ಥೆಯೊಂದು ನೆಲೆಗೊಳ್ಳುವುದನ್ನು ಎಣಿಸಿ ಬರೆದಿಡುವುದು ಬೇರೆ. ಮೈಸೂರಿನ ಈ ಕೆಲಸಕ್ಕೆ ಕನ್ನಡದ ಸಾಮಾನ್ಯ ಓದುಗರ ನಡುವೆ ಸಿಕ್ಕಿರುವ ಪ್ರಚಾರ ಅದರ ತೂಕಕ್ಕೆ ಏನೇನೂ ಸಾಲದು.

ಈ ಮೂರೂ ಸಾಕಣೆಗಳಿಗೆ ಸಮಾನವಾದ ತೊಡಕೊಂದಿದೆ. ಭತ್ತದ ಬೀಜವನ್ನು ಒಣಗಿಸಿಡಬಹುದು, ಹೋರಿಯ ವೀರ್ಯವನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿಡಬಹುದು. ನೊಣದ ತಳಿಯನ್ನು ಹಾಗೆ ಕಟ್ಟಿಡುವ ವಿಧಾನ ಇನ್ನೂ ದಿನಬಳಕೆಯ ಮಟ್ಟಕ್ಕೆ ಬಂದಿಲ್ಲ. 2000ನೇ ಇಸವಿಯಲ್ಲಿ ಮಾರ್ಗನ್ನರು ಸಾಕಿದ ಪ್ರಭೇದದ ಸುಮಾರು 13,600 ವಂಶವಾಹಿಗಳ ಪೂರ್ಣ ಓದು ಪ್ರಕಟವಾದ ಮೇಲೂ, ತಳಿಯನ್ನು ಉಳಿಸುವ ಉಪಾಯ ಮಾರ್ಗನ್ನರ ಕಾಲದ್ದೇ: ಹಳೆಯ ಬಾಟಲಿಯನ್ನು ಅಂಗೈಗೆ ತಟ್ಟಿ ನೊಣಗಳನ್ನು ತಳಕ್ಕೆ ಬೀಳಿಸಿ, ಹತ್ತಿಯ ಬಿರಡೆ ತೆಗೆದು, ಹೊಸ ಬಾಟಲಿಯ ಬಾಯಿಗೆ ಬಾಯಿ ಹಚ್ಚಿ ವರ್ಗಾಯಿಸುವುದು. ಬೂಸ್ಟು ಹಿಡಿದರೆ, ಉಣ್ಣಿಯಂಥ ನುಸಿ ಹತ್ತಿದರೆ, ಹವಾನಿಯಂತ್ರಕ ಒಂದು ಬೇಸಿಗೆಯ ದಿನ ಕೈಕೊಟ್ಟರೆ ದಶಕಗಳ ವಂಶಾವಳಿ ಒಂದೇ ವಾರದಲ್ಲಿ ಮುಗಿದುಹೋಗಬಹುದು.

ಜಕ್ಕೂರಿನ ಮೂಲ ಸಮುದಾಯಗಳ ಒಂದು ತಲೆಮಾರಿನ ಸುತ್ತು 21 ದಿನಗಳದ್ದು. ಹತ್ತೇ ದಿನಕ್ಕೆ ಸಿದ್ಧವಾಗುವ ನೊಣಕ್ಕೆ ಇದು ಅಗತ್ಯಕ್ಕಿಂತ ದೀರ್ಘವಾದ ಕಾಯುವಿಕೆ. ಆದರೆ 21 ಎಂಬುದು ಸರಿಯಾಗಿ ಮೂರು ವಾರವಾದ್ದರಿಂದ, ಒಂದು ತಲೆಮಾರಿನ ಮೊಟ್ಟೆಗಳನ್ನು ಸೋಮವಾರ ಸಂಗ್ರಹಿಸಿದರೆ ಮುಂದಿನ ತಲೆಮಾರಿನವೂ, ಅದರ ಮುಂದಿನವೂ ಸೋಮವಾರವೇ ಬರುತ್ತವೆ, ಭಾನುವಾರಕ್ಕೆ ಎಂದೂ ಬೀಳುವುದಿಲ್ಲ. ಆ ದಿನಕ್ಕಿಂತ ಮುಂಚೆ ಇಟ್ಟ ಮೊಟ್ಟೆಗಳು ಲೆಕ್ಕಕ್ಕೆ ಬರುವುದಿಲ್ಲ; ಅಂದಿನವರೆಗೆ ಬದುಕಿದ್ದು, ಅಂದೇ ಇಟ್ಟ ಮೊಟ್ಟೆಗಳಷ್ಟೇ ವಂಶ ಮುಂದುವರಿಸುತ್ತವೆ. ನಾಗಸಂದ್ರದ ಅಡುಗೆಮನೆಯ ನೊರಜು ಬಾಳೆಹಣ್ಣು ಕಳಿತ ದಿನವೇ ಮೊಟ್ಟೆಯಿಟ್ಟು ತನ್ನ ಕೆಲಸ ಮುಗಿಸಿಕೊಳ್ಳುವಾಗ, ಅದೇ ಪ್ರಭೇದದ ಜಕ್ಕೂರಿನ ನೊಣ ವರ್ಷಕ್ಕೆ ಹದಿನೇಳು ತಲೆಮಾರಿನಂತೆ ಮನುಷ್ಯರ ವಾರದ ಲೆಕ್ಕಕ್ಕೆ ತನ್ನ ವಂಶವಾಹಿಗಳನ್ನು ಹೊಂದಿಸಿಕೊಳ್ಳುತ್ತ ಬಂದಿದೆ.